ಧರ್ಮ ಬೇಡವೆನ್ನಲಿಲ್ಲ, ಮಕ್ಕಳಿಗೆ ಲಸಿಕೆ ಸಿಗಲಿಲ್ಲ



ಈ ತಿಂಗಳ ಅಂಕಣದಲ್ಲಿ ಏಳು ಸಮುದ್ರದಾಚೆಯ ಒಂದು ಸಮಾಜದ ಸಂಗತಿಯನ್ನು ತಮ್ಮ ಮುಂದೆ ಇಡುತ್ತಿದ್ದೇನೆ. ಅಮೆರಿಕ, ಕೆನಡಾ, ಮೆಕ್ಸಿಕೊ ದೇಶಗಳಲ್ಲಿ ನೆಲೆಸಿರುವ ಆಮಿಶ್ ಮತ್ತು ಮೆನೊನೈಟ್ ಎಂಬ ಕ್ರೈಸ್ತ ಪಂಗಡಗಳ ಮಕ್ಕಳ ವಿಷಯವಿದು. 2025ನೆಯ ಇಸವಿಯಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ದಡಾರದಿಂದ ಇಬ್ಬರು ಮಕ್ಕಳು ತೀರಿಕೊಂಡರು. ಒಂದು ಮಗುವಿಗೆ ಆರು ವರ್ಷ, ಇನ್ನೊಂದಕ್ಕೆ ಎಂಟು. ಇಬ್ಬರಿಗೂ ಬೇರೆ ಯಾವ ಕಾಯಿಲೆಯೂ ಇರಲಿಲ್ಲ. ದಡಾರದ ಲಸಿಕೆ ಮಾತ್ರ ಹಾಕಿಸಿರಲಿಲ್ಲ. ಅದಕ್ಕೆ ಮುಂಚೆ ಹತ್ತು ವರ್ಷಗಳ ಕಾಲ ಆ ದೇಶದಲ್ಲಿ ದಡಾರದಿಂದ ಒಬ್ಬರೂ ಸತ್ತಿರಲಿಲ್ಲ.

ಹಣಕ್ಕೆ ಕೊರತೆಯಿಲ್ಲದ ದೇಶ, ಊರೂರಿಗೆ ಆಸ್ಪತ್ರೆ, ಅಂಗಡಿಯಲ್ಲಿ ಸಾಮಾನು ಸಿಕ್ಕಂತೆ ಲಸಿಕೆ ಸಿಗುತ್ತದೆ. ಹೀಗಿದ್ದೂ ಮಕ್ಕಳು ಸತ್ತದ್ದೇಕೆ? ಕೇಳಿದ ಕೂಡಲೇ ಎಲ್ಲರೂ ಹೇಳುವ ಉತ್ತರ ಒಂದೇ: "ಅವರ ಧರ್ಮದಲ್ಲಿ ಲಸಿಕೆಗೆ ನಿಷೇಧವಿದೆ." ಈ ಉತ್ತರ ಸರಿಯಲ್ಲ. ಸರಿಯಾದ ಉತ್ತರ ತಿಳಿದರೆ ನಮ್ಮಂಥ ಚಿಕ್ಕ ಸಮಾಜದವರಿಗೂ ಉಪಯೋಗವಿದೆಯೆಂದು ಇಷ್ಟು ಬರೆಯುತ್ತಿದ್ದೇನೆ.

ಇವರು ಯಾರು?

1525ರಲ್ಲಿ ಸ್ವಿಟ್ಜರ್‌ಲೆಂಡಿನ ಜ್ಯೂರಿಕ್ ಪಟ್ಟಣದಲ್ಲಿ ಒಂದು ಪಂಥ ಹುಟ್ಟಿತು. ಹಸುಗೂಸಿಗೆ ದೀಕ್ಷೆ ಕೊಡುವುದು ಸಲ್ಲದು, ಮನುಷ್ಯನು ಬುದ್ಧಿ ಬಂದ ಮೇಲೆ ತಾನೇ ಒಪ್ಪಿ ದೀಕ್ಷೆ ತೆಗೆದುಕೊಳ್ಳಬೇಕು, ಆಯುಧ ಹಿಡಿಯಬಾರದು ಎಂಬುದು ಅವರ ಮತ. ಇದಕ್ಕಾಗಿ ರಾಜರೂ ಚರ್ಚಿನವರೂ ಅವರನ್ನು ಬಹಳ ಹಿಂಸಿಸಿದರು. ಮುಂದೆ ಡಚ್ ನಾಡಿನ ಮೆನೊ ಸೈಮನ್ಸ್ ಎಂಬ ಪಾದ್ರಿ 1536ರಲ್ಲಿ ತನ್ನ ಹಳೆಯ ಚರ್ಚನ್ನು ಬಿಟ್ಟು ಈ ಪಂಥ ಸೇರಿದ. ಅವನ ಹೆಸರಿನಿಂದ ಮೆನೊನೈಟ್ ಎಂಬ ಹೆಸರು ಬಂತು. 1693ರಲ್ಲಿ ಯಾಕೋಬ್ ಅಮ್ಮಾನ್ ಎಂಬವನು ಇನ್ನೂ ಬಿಗಿಯಾದ ಶಿಸ್ತು ಬೇಕೆಂದು ಬೇರೆಯಾದ. ಅವನ ಕಡೆಯವರು ಆಮಿಶರಾದರು.

ಆಮಿಶರು ಹದಿನೆಂಟನೆಯ ಶತಮಾನದಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾಕ್ಕೆ ಹಡಗು ಹತ್ತಿದರು. ಮೆನೊನೈಟರಲ್ಲಿ ಒಂದು ಕವಲು ಪ್ರಷ್ಯದಿಂದ ರಷ್ಯಾಕ್ಕೆ, ಅಲ್ಲಿಂದ 1870ರ ದಶಕದಲ್ಲಿ ಕೆನಡಾಕ್ಕೆ, ಕೆನಡಾದ ಸರಕಾರ ಶಾಲೆಯ ಭಾಷೆಯ ವಿಷಯದಲ್ಲಿ ಕಟ್ಟು ಮಾಡಿದಾಗ 1922ರಲ್ಲಿ ಮೆಕ್ಸಿಕೊಕ್ಕೆ, ಅಲ್ಲಿಂದ 1970ರ ದಶಕದಲ್ಲಿ ಟೆಕ್ಸಾಸಿಗೆ ಬಂತು. ಹೋದಲ್ಲೆಲ್ಲ ತಮ್ಮ ಮನೆಮಾತನ್ನು ಬಿಡಲಿಲ್ಲ. ಇಂದಿಗೂ ಮನೆಯಲ್ಲಿ ಆಡುವುದು ಹಳೆಯ ಜರ್ಮನ್ ನುಡಿಗಳನ್ನೇ. ಹೊರಗೆ ಒಂದು ಭಾಷೆ, ಮನೆಯೊಳಗೆ ಒಂದು ಭಾಷೆ ಇಟ್ಟುಕೊಂಡು ನಾಲ್ಕಾರು ತಲೆಮಾರು ಬಾಳುವುದು ಹೇಗೆಂಬುದನ್ನು ಗಡಿನಾಡಿನ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆಮಿಶರ ಜನಸಂಖ್ಯೆ ಈಗ ಸುಮಾರು 4 ಲಕ್ಷ. ಕುದುರೆಗಾಡಿಯಲ್ಲಿ ಓಡಾಡುತ್ತಾರೆ, ಮನೆಗೆ ಸರಕಾರದ ವಿದ್ಯುತ್ ತಂತಿ ಎಳೆಸುವುದಿಲ್ಲ. ಮಕ್ಕಳನ್ನು ಎಂಟನೆಯ ತರಗತಿಯವರೆಗೆ ತಮ್ಮದೇ ಶಾಲೆಯಲ್ಲಿ ಓದಿಸುತ್ತಾರೆ. ಈ ಹಕ್ಕನ್ನು 1972ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಅವರಲ್ಲಿ ಹೆಚ್ಚಿನವರು ವಿಮೆ ಮಾಡಿಸುವುದಿಲ್ಲ. ಯಾರಿಗಾದರೂ ಕಾಯಿಲೆಯಾದರೆ ಸಮಾಜದವರೇ ಕೂಡಿ ಆಸ್ಪತ್ರೆಯ ಬಿಲ್ಲು ಕಟ್ಟುತ್ತಾರೆ. ಒಬ್ಬನ ಕಣಜ ಸುಟ್ಟುಹೋದರೆ ಊರೆಲ್ಲ ಸೇರಿ ಒಂದೆರಡು ದಿನದಲ್ಲಿ ಹೊಸದನ್ನು ಎತ್ತಿ ನಿಲ್ಲಿಸುತ್ತಾರೆ. ಒಹಾಯೊ ರಾಜ್ಯದ ಶುಗರ್‌ಕ್ರೀಕ್ ಎಂಬ ಊರಿನಿಂದ 1890ರಿಂದ ಹೊರಡುವ "ದಿ ಬಜೆಟ್" ಎಂಬ ಪತ್ರಿಕೆಯಲ್ಲಿ ಯಾವ ಊರಲ್ಲಿ ಯಾರ ಮನೆಯಲ್ಲಿ ಮದುವೆ, ಯಾರಿಗೆ ಮಗುವಾಯಿತು, ಯಾರು ತೀರಿಕೊಂಡರು ಎಂಬ ಕಾಗದಗಳೇ ಹೆಚ್ಚು. ನಮ್ಮ ಈ ಮಾಸಿಕದ ಹಿಂದಿನ ಪುಟಗಳನ್ನು ಮೊದಲು ತೆರೆದು ನೋಡುವ ವಾಚಕರಿಗೆ ಆ ಪತ್ರಿಕೆ ಪರಕೀಯವೆನಿಸಲಿಕ್ಕಿಲ್ಲ.

ಇಲ್ಲಿ ಒಂದು ಮಾತು. ಮೆನೊನೈಟರೆಲ್ಲರೂ ಹಳೆಯ ಪದ್ಧತಿಯವರಲ್ಲ. ಬಹುಮಂದಿ ಕಾರು ನಡೆಸುತ್ತಾರೆ, ಅವರಲ್ಲಿ ಡಾಕ್ಟರರೂ ನರ್ಸುಗಳೂ ಇದ್ದಾರೆ. ತೆಲಂಗಾಣದ ಮಹಬೂಬ್‌ನಗರದ ಹತ್ತಿರ ಜಡಚರ್ಲಾದಲ್ಲಿ ಮೆನೊನೈಟ್ ಬ್ರದರನ್ ಸಭೆಯವರು ಕಟ್ಟಿದ ಆಸ್ಪತ್ರೆಯ ಹೆಸರನ್ನು ಆ ಕಡೆಯ ನಮ್ಮ ಬಂಧುಗಳು ಕೇಳಿಯೇ ಇರುತ್ತಾರೆ. ಪರದೇಶಕ್ಕೆ ಬಂದು ಆಸ್ಪತ್ರೆ ಕಟ್ಟುವ ಧರ್ಮ ಔಷಧಕ್ಕೆ ವಿರೋಧಿಯಾಗಲು ಹೇಗೆ ಸಾಧ್ಯ? ಆಮಿಶರ ಶಾಸ್ತ್ರದಲ್ಲಿಯೂ ಮೆನೊನೈಟರ ಶಾಸ್ತ್ರದಲ್ಲಿಯೂ ಲಸಿಕೆ ಕೂಡದೆಂಬ ವಿಧಿ ಎಲ್ಲಿಯೂ ಇಲ್ಲ.

ಪೋಲಿಯೋ ಬಂದ ದಾರಿ

1978ರಲ್ಲಿ ಯುರೋಪಿನ ನೆದರ್‌ಲೆಂಡ್ಸ್ ದೇಶದಲ್ಲಿ ಲಸಿಕೆ ಬೇಡವೆನ್ನುವ ಒಂದು ಕಟ್ಟಾ ಕ್ರೈಸ್ತ ಪಂಗಡದಲ್ಲಿ ಪೋಲಿಯೋ ಎದ್ದಿತು. 110 ಮಂದಿಗೆ ತಗುಲಿತು. ಆ ಪಂಗಡದವರ ನೆಂಟರು ಕೆನಡಾದಲ್ಲಿದ್ದರು. ಹೋಗಿಬರುವವರ ಜೊತೆಗೆ ರೋಗಾಣು ಕೆನಡಾಕ್ಕೆ ಬಂತು. ಅಲ್ಲಿಂದ 1979ರ ಆರಂಭದಲ್ಲಿ ಪೆನ್ಸಿಲ್ವೇನಿಯಾದ ಆಮಿಶರ ಮನೆಗೆ ಬಂತು, ಮುಂದೆ ಬೇರೆ ರಾಜ್ಯಗಳ ಆಮಿಶರ ಊರುಗಳಿಗೂ ಹೋಯಿತು. ಲಸಿಕೆ ಪಡೆಯದ ಹತ್ತು ಮಂದಿ ಆಮಿಶರಿಗೆ ಅಂಗ ಬಿದ್ದುಹೋಯಿತು. ಅಮೆರಿಕದ ನೆಲದಲ್ಲಿ ಕಾಡು ಪೋಲಿಯೋ ಹೀಗೆ ಒಬ್ಬರಿಂದೊಬ್ಬರಿಗೆ ಹಬ್ಬಿದ್ದು ಅದೇ ಕಡೆಯ ಸಲ.

ಇದರಲ್ಲಿ ಗಮನಿಸಬೇಕಾದದ್ದೇನೆಂದರೆ, ರೋಗವು ಒಂದು ದೇಶದಿಂದ ಇನ್ನೊಂದು ದೇಶಕ್ಕೆ ನಡುವಿನ ಊರುಗಳನ್ನೆಲ್ಲ ಬಿಟ್ಟು, ಲಸಿಕೆ ಇಲ್ಲದ ಮನೆಗಳನ್ನೇ ಹುಡುಕಿಕೊಂಡು ಹೋಯಿತು. ನಡುವೆ ಕೋಟ್ಯಂತರ ಜನರಿದ್ದರು. ಅವರೆಲ್ಲ ಲಸಿಕೆ ಪಡೆದವರಾದ್ದರಿಂದ ಅಲ್ಲಿ ಅದಕ್ಕೆ ಕಾಲೂರಲು ಜಾಗ ಸಿಗಲಿಲ್ಲ. ನೆಂಟಸ್ತನದ ದಾರಿಯೇ ಅದರ ದಾರಿಯಾಯಿತು. ರೋಗ ಬಂದ ಮೇಲೆ ಆರೋಗ್ಯ ಇಲಾಖೆಯವರು ಆಮಿಶರ ಹಿರಿಯರೊಡನೆ ಕುಳಿತು ಮಾತಾಡಿದರು, ಬಹಳ ಮಂದಿ ಹನಿ ಹಾಕಿಸಿಕೊಂಡರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು. ಆದರೂ ಹಾಕಿದ್ದು ಒಳ್ಳೆಯದೇ ಆಯಿತು.

ಅದಾದ ಮೇಲೂ ಒಂದೊಂದಾಗಿ ರೋಗಗಳು ಬಂದವು. 1991ರಲ್ಲಿ ಪೆನ್ಸಿಲ್ವೇನಿಯಾದ ಆಮಿಶರಲ್ಲಿ ರುಬೆಲ್ಲಾ ಹರಡಿತು. ಇದು ದೊಡ್ಡವರಿಗೆ ಎರಡು ದಿನದ ಜ್ವರ, ನಾಲ್ಕು ಗುಳ್ಳೆ, ಅಷ್ಟೇ. ಗರ್ಭಿಣಿಗೆ ಮೊದಲ ತಿಂಗಳುಗಳಲ್ಲಿ ಬಂದರೆ ಮಾತ್ರ ಹೊಟ್ಟೆಯ ಕೂಸಿಗೆ ಕಿವುಡು, ಕಣ್ಣಿನ ಪೊರೆ, ಹೃದಯದ ದೋಷ ತಗಲುತ್ತದೆ. ಮರುವರ್ಷ ಆ ಸಮಾಜದಲ್ಲಿ ಅಂಥ ಕೂಸುಗಳು ಹುಟ್ಟಿದವು. 2004ರ ಸೆಪ್ಟೆಂಬರಿನಿಂದ 2005ರ ಫೆಬ್ರವರಿಯವರೆಗೆ ಡೆಲವೇರ್ ರಾಜ್ಯದ ಕೆಂಟ್ ಕೌಂಟಿಯ ಆಮಿಶರಲ್ಲಿ 345 ಮಂದಿಗೆ ನಾಯಿಕೆಮ್ಮು ಬಂತು, ಅವರಲ್ಲಿ ಹೆಚ್ಚಿನವರು ಇನ್ನೂ ಶಾಲೆಗೆ ಹೋಗದ ಚಿಕ್ಕ ಮಕ್ಕಳು.

ಕೇಳಿದಾಗ ಅವರು ಹೇಳಿದ್ದೇನು?

ಹಿಬ್ ಎಂಬ ಒಂದು ರೋಗಾಣುವಿದೆ. ಐದು ವರ್ಷದೊಳಗಿನ ಮಕ್ಕಳಿಗೆ ಮಿದುಳಿನ ಪೊರೆ ಬಾಯುವ ಕಾಯಿಲೆ ತರುತ್ತದೆ. ಬದುಕಿದರೂ ಕೆಲವರಿಗೆ ಕಿವಿ ಹೋಗುತ್ತದೆ, ಬುದ್ಧಿ ಮಂದವಾಗುತ್ತದೆ. ಇದಕ್ಕೆ ಲಸಿಕೆ ಬಂದ ಮೇಲೆ ಅಮೆರಿಕದಲ್ಲಿ ಈ ಕಾಯಿಲೆ ಹೆಚ್ಚುಕಡಿಮೆ ಮಾಯವಾಯಿತು. ಆಮಿಶರಲ್ಲಿ ಮಾತ್ರ ಉಳಿಯಿತು. ಪೆನ್ಸಿಲ್ವೇನಿಯಾದಲ್ಲಿ ಇದರ ಕಾರಣ ಹುಡುಕಲು ಹೋದವರು ಒಂದು ಊರಿನಲ್ಲಿ ನೋಡಿದಾಗ ಆಮಿಶ್ ಮಕ್ಕಳಲ್ಲಿ ನೂರಕ್ಕೆ 28 ಮಂದಿಗೆ ಮಾತ್ರ ಹಿಬ್ ಲಸಿಕೆಯಾಗಿತ್ತು. ಅದೇ ಊರಿನ ಇತರ ಮಕ್ಕಳಲ್ಲಿ ನೂರಕ್ಕೆ 95 ಮಂದಿಗೆ ಆಗಿತ್ತು.

ಲಸಿಕೆ ಹಾಕಿಸದ ತಂದೆತಾಯಿಗಳನ್ನು ಕಾರಣ ಕೇಳಿದರು. 2001ರಲ್ಲಿ ಪ್ರಕಟವಾದ ಆ ಉತ್ತರಗಳನ್ನು ವಾಚಕರು ನಿಧಾನವಾಗಿ ಓದಬೇಕೆಂದು ವಿನಂತಿ. ಧರ್ಮದ ಅಥವಾ ತತ್ತ್ವದ ಅಡ್ಡಿಯೆಂದವರು ನೂರಕ್ಕೆ 25 ಮಂದಿ ಮಾತ್ರ. ದಿನನಿತ್ಯದ ಬೇರೆ ಕೆಲಸಗಳ ಮುಂದೆ ಇದು ಅಷ್ಟು ಮುಖ್ಯವೆನಿಸಲಿಲ್ಲ ಎಂದವರು ನೂರಕ್ಕೆ 51. ಊರಲ್ಲೇ ಬಂದು ಹಾಕುವುದಾದರೆ ಹಾಕಿಸುತ್ತೇವೆ ಎಂದವರು ನೂರಕ್ಕೆ 73!

ಅಂದರೆ ಮಗುವಿಗೂ ಲಸಿಕೆಗೂ ನಡುವೆ ನಿಂತದ್ದು ಶಾಸ್ತ್ರವಲ್ಲ. ಹಾಲು ಕರೆಯುವುದಿತ್ತು, ಸುಗ್ಗಿಯಿತ್ತು, ಕುದುರೆಗಾಡಿ ಕಟ್ಟಿಕೊಂಡು ಹತ್ತಿಪ್ಪತ್ತು ಮೈಲು ಹೋಗಬೇಕಿತ್ತು, ಮನೆಯಲ್ಲಿ ಆರೇಳು ಮಕ್ಕಳಿದ್ದರು. ನಾಳೆ ನೋಡೋಣ ಎಂದರು. ನಾಳೆ ಎಂದರೆ ಹಾಳು ಎಂದು ನಮ್ಮ ಹಿರಿಯರು ಹೇಳಿದ್ದು ಬರೀ ವಸೂಲಿಯ ವಿಷಯಕ್ಕಲ್ಲ.

ಉಪಕಾರಕ್ಕೆ ಹೋದವರ ಜೊತೆ ಬಂದ ದಡಾರ

2013ರ ನವೆಂಬರಿನಲ್ಲಿ ಫಿಲಿಪ್ಪೀನ್ಸ್ ದೇಶಕ್ಕೆ ಹೈಯಾನ್ ಎಂಬ ಭಾರೀ ಚಂಡಮಾರುತ ಅಪ್ಪಳಿಸಿ ಸಾವಿರಾರು ಜನ ಸತ್ತರು. ಮನೆ ಕಳೆದುಕೊಂಡವರಿಗೆ ನೆರವಾಗಲು ಒಹಾಯೊದ ಆಮಿಶರು ಅಲ್ಲಿಗೆ ಹೋದರು. ಅಲ್ಲಿ ಆಗ ದಡಾರ ಹರಡಿತ್ತು. 2014ರ ಮಾರ್ಚಿನಲ್ಲಿ ಊರಿಗೆ ಮರಳಿದವರಲ್ಲಿ ಲಸಿಕೆ ಪಡೆಯದ ಇಬ್ಬರು ಯುವಕರು ಅದನ್ನು ಹೊತ್ತು ತಂದರು. ಮೊದಲು ಡೆಂಗ್ಯೂ ಇರಬಹುದೆಂದು ತಿಳಿದಿದ್ದರಿಂದ ದಿನಗಳು ಕಳೆದವು. ನಾಲ್ಕು ತಿಂಗಳಲ್ಲಿ ಒಂಬತ್ತು ಕೌಂಟಿಗಳಲ್ಲಿ 383 ಮಂದಿಗೆ ದಡಾರವಾಯಿತು, ಹೆಚ್ಚುಕಡಿಮೆ ಎಲ್ಲರೂ ಆಮಿಶರೇ. ಪರೋಪಕಾರಕ್ಕೆ ಹೋದವರನ್ನು ರೋಗಾಣು ಬೇರೆಯಾಗಿ ಕಾಣುವುದಿಲ್ಲ. ಪುಣ್ಯದ ಕೆಲಸಕ್ಕೆ ಹೋಗುವ ಮುಂಚೆ ಒಂದು ಚುಚ್ಚುಮದ್ದು ತೆಗೆದುಕೊಂಡಿದ್ದರೆ ಪುಣ್ಯಕ್ಕೇನೂ ಕಮ್ಮಿಯಾಗುತ್ತಿರಲಿಲ್ಲ.

ದಡಾರದ ಸ್ವಭಾವವನ್ನು ಇಲ್ಲಿ ಸ್ವಲ್ಪ ತಿಳಿಯಬೇಕು. ರೋಗಿ ಕೆಮ್ಮಿ ಎದ್ದುಹೋದ ಕೋಣೆಯ ಗಾಳಿಯಲ್ಲಿ ಅದು ಎರಡು ತಾಸಿನವರೆಗೂ ಉಳಿಯಬಲ್ಲದು. ಲಸಿಕೆಯಿಲ್ಲದ ಹತ್ತು ಜನ ರೋಗಿಯ ಹತ್ತಿರ ಸುಳಿದರೆ ಒಂಬತ್ತು ಜನರಿಗೆ ತಗುಲುತ್ತದೆ. ಮೈಮೇಲೆ ಗುಳ್ಳೆ ಏಳುವ ನಾಲ್ಕು ದಿನ ಮುಂಚೆಯೇ ಹರಡತೊಡಗುತ್ತದೆ, ಅಂದರೆ ಬರೀ ನೆಗಡಿಯೆಂದು ತಿಳಿದು ಸಭೆ ಸಮಾರಂಭಕ್ಕೆ ಹೋಗಿಬರುವ ದಿನಗಳಲ್ಲಿ. ಆಮಿಶರಿಗೆ ಬೇರೆ ಚರ್ಚಿನ ಕಟ್ಟಡವಿಲ್ಲ. ಎರಡು ವಾರಕ್ಕೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಎಲ್ಲ ಕುಟುಂಬಗಳೂ ಕೂಡಿ ತಾಸುಗಟ್ಟಲೆ ಪ್ರಾರ್ಥನೆ ಮಾಡಿ ಒಟ್ಟಿಗೆ ಊಟ ಮಾಡುತ್ತಾರೆ. ಸಮಾಜವನ್ನು ಕಟ್ಟಿ ಹಿಡಿದ ಈ ಪದ್ಧತಿಯೇ ದಡಾರಕ್ಕೆ ಅನುಕೂಲವಾಯಿತು. ಇಂಥ ರೋಗವನ್ನು ತಡೆಯಬೇಕಾದರೆ ಒಂದು ಊರಲ್ಲಿ ನೂರಕ್ಕೆ 95 ಮಂದಿಗೆ ಲಸಿಕೆಯಾಗಿರಬೇಕು. ಒಹಾಯೊದ ಆ ಆಮಿಶರಲ್ಲಿ ಒಂದು ಡೋಸಾದರೂ ಆದವರು ನೂರಕ್ಕೆ ಸುಮಾರು 14 ಮಂದಿಯೆಂದು ಅಂದಾಜು.

ಆದರೆ ಮುಂದೆ ನಡೆದದ್ದನ್ನೂ ಹೇಳಬೇಕು. ಆರೋಗ್ಯ ಇಲಾಖೆಯವರು ಆ ಊರುಗಳಿಗೇ ಹೋಗಿ ಉಚಿತವಾಗಿ ಲಸಿಕೆ ಹಾಕತೊಡಗಿದರು. ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಹಾಕಿಸಿಕೊಂಡರು. ರೋಗ ಬಂದ ಮನೆಯವರು ಹೊರಗೆ ಬಾರದೆ ಮನೆಯಲ್ಲೇ ಉಳಿದರು. ಜುಲೈ ತಿಂಗಳಿಗೆ ರೋಗ ನಿಂತಿತು, ಯಾರೂ ಸಾಯಲಿಲ್ಲ. ಆ ಜನ ಮೊಂಡರೆಂದು ಹೇಳುವವರು ಈ ಹತ್ತು ಸಾವಿರದ ಲೆಕ್ಕವನ್ನೂ ಖಾತೆಯಲ್ಲಿ ಬರೆದುಕೊಳ್ಳಬೇಕು.

ಹಾಗಾದರೆ 2025ರಲ್ಲಿ ಏಕೆ ಹೀಗಾಯಿತು?

ಇಲ್ಲಿ ಎರಡನೆಯ ಕಾರಣ ಬರುತ್ತದೆ. ಮೊದಲನೆಯದು ಆಲಸ್ಯವಾದರೆ ಎರಡನೆಯದು ಭಯ. ಒಹಾಯೊದ ಹೋಮ್ಸ್ ಕೌಂಟಿಯಲ್ಲಿ ಆಮಿಶರ ದೊಡ್ಡ ನೆಲೆಯಿದೆ. ಅಲ್ಲಿನ ತಂದೆತಾಯಿಗಳನ್ನು ಕೇಳಿದ ಒಂದು ಸಮೀಕ್ಷೆ 2011ರಲ್ಲಿ ಪ್ರಕಟವಾಯಿತು. ಒಂದು ಲಸಿಕೆಯನ್ನೂ ಹಾಕಿಸದವರು ಆಗ ನೂರಕ್ಕೆ 14 ಮಂದಿ ಮಾತ್ರ. ಅವರು ಕೊಟ್ಟ ಮುಖ್ಯ ಕಾರಣ ಧರ್ಮವಲ್ಲ, ದೂರವೂ ಅಲ್ಲ, ಲಸಿಕೆಯಿಂದ ಮಗುವಿಗೆ ಏನಾದರೂ ಆದೀತೆಂಬ ಅಂಜಿಕೆ. ಹತ್ತು ವರ್ಷದ ಮೇಲೆ 2021ರಲ್ಲಿ ಅದೇ ಕೌಂಟಿಯ ಮತ್ತೊಂದು ಸಮೀಕ್ಷೆ ಹೊರಬಂತು. ಆಗ ಮಕ್ಕಳಿಗೆ ಲಸಿಕೆ ಹಾಕಿಸುವುದಿಲ್ಲವೆಂದವರು ಅರ್ಧಕ್ಕಿಂತ ಹೆಚ್ಚು. ಶಾಸ್ತ್ರ ಬದಲಾಗಿರಲಿಲ್ಲ, ಲಸಿಕೆಯೂ ಬದಲಾಗಿರಲಿಲ್ಲ. ಬಾಯಿಂದ ಬಾಯಿಗೆ ಹೋಗುವ ಮಾತು ಬೆಳೆದಿತ್ತು.

ಆ ಮಾತುಗಳಲ್ಲಿ ಬಹುದೊಡ್ಡದು ಆಟಿಸಂ ಎಂಬುದು. ದಡಾರದ ಲಸಿಕೆಯಿಂದ ಮಕ್ಕಳಿಗೆ ಈ ಬುದ್ಧಿಯ ತೊಂದರೆ ಬರಬಹುದೆಂಬ ಅನುಮಾನವನ್ನು 1998ರಲ್ಲಿ ಇಂಗ್ಲೆಂಡಿನ ಆಂಡ್ರ್ಯೂ ವೇಕ್‌ಫೀಲ್ಡ್ ಎಂಬ ವೈದ್ಯ ಹನ್ನೆರಡು ಮಕ್ಕಳ ಮೇಲಿಂದ ಬರೆದ. 2010ರಲ್ಲಿ ಆ ಪತ್ರಿಕೆ ಆ ಲೇಖನವನ್ನೇ ರದ್ದು ಮಾಡಿತು, ಅದೇ ವರ್ಷ ಆತನ ವೈದ್ಯ ಪರವಾನಗಿಯೂ ಹೋಯಿತು. 2019ರಲ್ಲಿ ಡೆನ್ಮಾರ್ಕಿನಲ್ಲಿ ಆರೂವರೆ ಲಕ್ಷ ಮಕ್ಕಳ ಲೆಕ್ಕ ನೋಡಿದರು, ಲಸಿಕೆಗೂ ಆಟಿಸಂಗೂ ಸಂಬಂಧ ಕಾಣಲಿಲ್ಲ. ಆದರೂ "ಆಮಿಶರು ಲಸಿಕೆ ಹಾಕಿಸುವುದಿಲ್ಲ, ಅದಕ್ಕೇ ಅವರಲ್ಲಿ ಆಟಿಸಂ ಇಲ್ಲ" ಎಂದು ಹೊರಗಿನವರು ಹೇಳುತ್ತಲೇ ಇದ್ದಾರೆ. ಎರಡೂ ಸುಳ್ಳು. ಆಮಿಶರಲ್ಲಿ ಅನೇಕರು ಹಾಕಿಸಿದ್ದಾರೆ, ಅಂಥ ಮಕ್ಕಳೂ ಅವರಲ್ಲಿ ಇದ್ದಾರೆ. ತಮ್ಮ ವಾದಕ್ಕೆ ಬೇರೆಯವರ ಸಮಾಜವನ್ನು ಸಾಕ್ಷಿಯಾಗಿ ಎಳೆದು ತರುವವರು ಆ ಸಮಾಜದ ಮಗುವಿಗೆ ಕಾಯಿಲೆಯಾದಾಗ ಆಸ್ಪತ್ರೆಯ ಬಾಗಿಲಿಗೆ ಬಂದು ನಿಲ್ಲುವುದಿಲ್ಲ.

ಟೆಕ್ಸಾಸಿನ ಗೇನ್ಸ್ ಕೌಂಟಿಯ ಸೆಮಿನೋಲ್ ಊರಿನ ಸುತ್ತ ಮೆಕ್ಸಿಕೊದಿಂದ ಬಂದ ಮೆನೊನೈಟರು ಬಹಳ. 2025ರ ಜನವರಿಯಲ್ಲಿ ಅಲ್ಲಿ ದಡಾರ ಕಾಣಿಸಿತು. ಆಗಸ್ಟ್ 18ರಂದು ರೋಗ ನಿಂತಿತೆಂದು ಸರಕಾರ ಹೇಳುವ ಹೊತ್ತಿಗೆ ರಾಜ್ಯದಲ್ಲಿ 762 ಮಂದಿಗೆ ಬಂದಿತ್ತು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಆ ಒಂದೇ ಕೌಂಟಿಯಲ್ಲಿ. ಮೇಲೆ ಹೇಳಿದ ಇಬ್ಬರು ಮಕ್ಕಳು ಹೋದದ್ದು ಆಗಲೇ. ಕೆಲವು ಮನೆಗಳಲ್ಲಿ ಲಸಿಕೆಯ ಬದಲು ಮೀನೆಣ್ಣೆ ಮತ್ತು ಎ ವಿಟಮಿನ್ನನ್ನು ಅಳತೆ ಮೀರಿ ಕುಡಿಸಿದರು. ಲಬ್ಬಕ್ ನಗರದ ಮಕ್ಕಳ ಆಸ್ಪತ್ರೆಗೆ ಬಂದ ಕೆಲವು ಮಕ್ಕಳ ಯಕೃತ್ತಿಗೆ ಅದರಿಂದಲೇ ತೊಂದರೆಯಾಗಿತ್ತು. ದಡಾರ ಬಂದ ಮಗುವಿಗೆ ಎ ವಿಟಮಿನ್ ಕೊಡುವುದುಂಟು, ಆದರೆ ವೈದ್ಯರ ಅಳತೆಯಲ್ಲಿ. ಅದು ದಡಾರ ಬಾರದಂತೆ ತಡೆಯುವುದಿಲ್ಲ.

ಟೆಕ್ಸಾಸಿನ ನೆಂಟರ ಮನೆಗೆ ಹೋಗಿಬಂದ ಎಂಟು ವರ್ಷದ ಹುಡುಗನಿಂದ ಮೆಕ್ಸಿಕೊದ ಚಿವಾವಾ ರಾಜ್ಯದ ಮೆನೊನೈಟರಿಗೆ ದಡಾರ ಹೋಯಿತು. ಅವರ ಹೊಲಗಳಲ್ಲಿ ಕೂಲಿ ಮಾಡಲು ರಾರಾಮುರಿ ಎಂಬ ಬಡ ಬುಡಕಟ್ಟಿನವರು ಬೆಟ್ಟದಿಂದ ಇಳಿದು ಬರುತ್ತಾರೆ. ರೋಗ ಅವರ ಗುಡಿಸಲು ಸೇರಿತು. ಆ ರಾಜ್ಯದಲ್ಲಿ ಅದೇ ವರ್ಷ 4 ಸಾವಿರಕ್ಕೂ ಹೆಚ್ಚು ಮಂದಿಗೆ ದಡಾರವಾಯಿತು, ಸತ್ತವರು ಇಪ್ಪತ್ತರಷ್ಟು, ಅವರಲ್ಲಿ ಹೆಚ್ಚಿನವರು ಆ ಬುಡಕಟ್ಟಿನವರು. ಲಸಿಕೆ ಬೇಡವೆಂದದ್ದು ಯಜಮಾನನ ಮನೆ, ಹೆಣ ಎದ್ದದ್ದು ಆಳಿನ ಮನೆಯಲ್ಲಿ. ಅಂಗಡಿಯಲ್ಲಿ, ಮಿಲ್ಲಿನಲ್ಲಿ, ಹೊಲದಲ್ಲಿ ನಾಲ್ಕು ಜನರಿಗೆ ಕೆಲಸ ಕೊಡುವ ನಮ್ಮಂಥವರು ಈ ಒಂದು ಸಾಲನ್ನಾದರೂ ಮರೆಯಬಾರದು.

ಕೆನಡಾದ್ದೂ ಇದೇ ಕಥೆ. 2024ರ ಅಕ್ಟೋಬರಿನಲ್ಲಿ ನ್ಯೂ ಬ್ರನ್ಸ್‌ವಿಕ್ ಪ್ರಾಂತದಲ್ಲಿ ಒಂದು ದೊಡ್ಡ ಕೂಟ ನಡೆಯಿತು. ಮೆನೊನೈಟ್ ಬಂಧುಗಳು ದೂರದೂರದಿಂದ ಬಂದಿದ್ದರು. ಅವರೊಡನೆ ಆಂಟೇರಿಯೊಕ್ಕೆ ಬಂದ ದಡಾರ ಅಲ್ಲಿ ಒಂದೇ ವರ್ಷದಲ್ಲಿ 2,300ಕ್ಕೂ ಹೆಚ್ಚು ಮಂದಿಗೆ ಹರಡಿತು. ಲಸಿಕೆಯಾಗದ ತಾಯಿಯಿಂದ ಹೊಟ್ಟೆಯಲ್ಲೇ ದಡಾರ ಹತ್ತಿಸಿಕೊಂಡು ದಿನ ತುಂಬದೆ ಹುಟ್ಟಿದ ಒಂದು ಕೂಸು ತೀರಿಕೊಂಡಿತು. ದಡಾರ ಕಳೆದ ದೇಶವೆಂದು 1998ರಿಂದ ಇದ್ದ ಹೆಸರನ್ನು ಕೆನಡಾ 2025ರ ನವೆಂಬರಿನಲ್ಲಿ ಕಳೆದುಕೊಂಡಿತು.

ಲೆಕ್ಕ ಮಾಡಿ ನೋಡಿದರೆ

ನಾವು ವ್ಯಾಪಾರಸ್ಥರು, ಎರಡೂ ಕಡೆ ಬರೆದು ನೋಡೋಣ. ದಡಾರದ ಲಸಿಕೆ ಹಾಕಿಸಿದರೆ ಕೆಲವು ಮಕ್ಕಳಿಗೆ ಒಂದೆರಡು ದಿನ ಜ್ವರ, ತೋಳು ನೋವು, ಸ್ವಲ್ಪ ಗುಳ್ಳೆ ಬರುತ್ತದೆ. ಅಪರೂಪಕ್ಕೆ ಜ್ವರದ ಭರದಲ್ಲಿ ಸೆಳೆತ ಬಂದು ನಿಲ್ಲುತ್ತದೆ. ಇದು ಖರ್ಚಿನ ಕಡೆ. ಲಸಿಕೆಯಿಲ್ಲದೆ ದಡಾರ ಬಂದರೆ, ಒಳ್ಳೆಯ ಆಸ್ಪತ್ರೆಯಿರುವ ಅಮೆರಿಕದಲ್ಲಿಯೇ ಇಪ್ಪತ್ತು ಮಕ್ಕಳಲ್ಲಿ ಒಬ್ಬರಿಗೆ ಪುಪ್ಪುಸದ ಉರಿಯೂತ, ಸಾವಿರಕ್ಕೆ ಒಬ್ಬರಿಗೆ ಮಿದುಳಿನ ಬಾವು, ಸಾವಿರಕ್ಕೆ ಒಬ್ಬರಿಂದ ಮೂವರು ಸಾವು. ಎರಡು ಡೋಸು ಪೂರ್ತಿಯಾದ ನೂರು ಮಂದಿಯಲ್ಲಿ 97 ಮಂದಿಗೆ ದಡಾರ ಬರುವುದೇ ಇಲ್ಲ. ಇಂಥ ವ್ಯವಹಾರದಲ್ಲಿ ಯಾವ ಕಡೆಗೆ ಕೈ ಹಾಕಬೇಕೆಂದು ಅಂಗಡಿಯ ಹುಡುಗನೂ ಹೇಳುತ್ತಾನೆ.

ಹಾಗಿದ್ದೂ ಜನ ಅಂಜುವುದೇಕೆಂದರೆ, ಲಸಿಕೆಯ ಜ್ವರ ಕಣ್ಣಿಗೆ ಕಾಣುತ್ತದೆ, ತಪ್ಪಿಹೋದ ದಡಾರ ಕಾಣುವುದಿಲ್ಲ. ನನ್ನ ವಯಸ್ಸಿನವರು ಚಿಕ್ಕಂದಿನಲ್ಲಿ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ ಮನೆಗಳನ್ನು ನೋಡಿದ್ದೇವೆ, ಗೊಬ್ಬರ ಎದ್ದಿದೆ ಎಂದು ಒಳಗೆ ಬಿಡುತ್ತಿರಲಿಲ್ಲ. ಸಿಡುಬಿನ ಕಲೆಯ ಮುಖಗಳನ್ನು ಪೇಟೆಯಲ್ಲಿ ಕಂಡಿದ್ದೇವೆ. ಭಾರತದಲ್ಲಿ ಸಿಡುಬು 1975ರಲ್ಲಿ ಮುಗಿಯಿತು, ಕಾಡು ಪೋಲಿಯೋದ ಕಡೆಯ ಮಗು 2011ರದು. ಇಂದಿನ ತಾಯಂದಿರು ಇದಾವುದನ್ನೂ ನೋಡಿಲ್ಲ. ನೋಡದಿರುವುದು ಅವರ ಭಾಗ್ಯ. ಆ ಭಾಗ್ಯ ಬಂದದ್ದು ಹೇಗೆಂದು ಹೇಳುವುದು ಅಜ್ಜ ಅಜ್ಜಿಯರಾದ ನಮ್ಮ ಕೆಲಸ.

ಆಮಿಶರನ್ನು ಹೀಗಳೆಯಲು ಇದನ್ನು ಬರೆದಿಲ್ಲ. ಅವರ ಸರಳತನ, ಒಗ್ಗಟ್ಟು, ಒಬ್ಬರ ಕಷ್ಟಕ್ಕೆ ಎಲ್ಲರೂ ಕೂಡುವುದು ನಮಗೂ ಬೇಕಾದ ಗುಣಗಳೇ. ಪೆನ್ಸಿಲ್ವೇನಿಯಾದ ಸ್ಟ್ರಾಸ್‌ಬರ್ಗ್ ಬಳಿ ವಂಶದಿಂದ ಬರುವ ಕಾಯಿಲೆಗಳ ಮಕ್ಕಳಿಗಾಗಿ ಹೋಮ್ಸ್ ಮಾರ್ಟನ್ ಎಂಬ ವೈದ್ಯರು 1989ರಲ್ಲಿ ಒಂದು ಚಿಕಿತ್ಸಾಲಯ ತೆರೆದರು. ಅದರ ಕಟ್ಟಡವನ್ನು 1990ರಲ್ಲಿ ಆಮಿಶರೂ ಮೆನೊನೈಟರೂ ಕಣಜ ಎತ್ತುವಂತೆ ತಾವೇ ಕೂಡಿ ಎತ್ತಿ ನಿಲ್ಲಿಸಿದರು. ತಮ್ಮವರೆಂದು ನಂಬಿದ ವೈದ್ಯರ ಬಾಗಿಲಿಗೆ ಆ ಜನ ಮಕ್ಕಳನ್ನು ಎತ್ತಿಕೊಂಡು ಹೋದರು. ನಂಬಿಕೆ ಇರುವ ಕಡೆ ಔಷಧವೂ ನಡೆಯುತ್ತದೆ, ಲಸಿಕೆಯೂ ನಡೆಯುತ್ತದೆ. ರೋಗ ಬಂದ ನೆಂಟಸ್ತನದ ದಾರಿಯಲ್ಲೇ ಒಳ್ಳೆಯ ಮಾತನ್ನೂ ಕಳಿಸಬಹುದು.

ಇನ್ನು ನಮ್ಮ ಮನೆಗಳ ಮಾತು. ನಮ್ಮಲ್ಲಿ ಶಾಸ್ತ್ರದ ಅಡ್ಡಿಯಿಲ್ಲ, ಭಯವೂ ಅಷ್ಟಾಗಿ ಇಲ್ಲ. ಇರುವುದು ಗಡಿಯ ತೊಡಕು. ಹೆಣ್ಣುಮಗಳು ಚೊಚ್ಚಲ ಬಾಣಂತನಕ್ಕೆ ಕರ್ನಾಟಕದ ತವರಿಗೆ ಹೋಗುತ್ತಾಳೆ, ಮೊದಲ ಲಸಿಕೆಗಳು ಅಲ್ಲಿ ಆಗುತ್ತವೆ. ಐದನೆಯ ತಿಂಗಳಿಗೆ ಜತ್ತ್, ಅಕ್ಕಲಕೋಟೆ, ಆದೋನಿ ಅಥವಾ ಹೊಸೂರಿನ ಗಂಡನ ಮನೆಗೆ ಬರುತ್ತಾಳೆ. ಕಾರ್ಡು ತವರಿನ ಕಪಾಟಿನಲ್ಲಿ ಉಳಿಯುತ್ತದೆ. ಇಲ್ಲಿನ ಕಾರ್ಡು ಮರಾಠಿಯಲ್ಲೋ ತೆಲುಗಿನಲ್ಲೋ ತಮಿಳಿನಲ್ಲೋ ಇರುತ್ತದೆ, ಹೊಸದಾಗಿ ಬಂದ ಸೊಸೆಗೆ ಓದಲು ಬಾರದು, ಕೇಳಲು ಸಂಕೋಚ. ಗಂಡಸರು ಅಂಗಡಿಯಲ್ಲಿ. ನಾಳೆ ನೋಡೋಣ ಎನ್ನುತ್ತಾರೆ. ಆಮಿಶರ ಆ 51 ಮಂದಿ ಹೇಳಿದ್ದೂ ಇದನ್ನೇ ಅಲ್ಲವೇ?

ಆದುದರಿಂದ ಪ್ರತಿ ಮನೆಯ ಯಜಮಾನರಲ್ಲಿ ನನ್ನ ವಿನಂತಿ. ಅಂಗಡಿಯ ಕಿರ್ದಿಯಷ್ಟೇ ಜೋಪಾನವಾಗಿ ಮೊಮ್ಮಕ್ಕಳ ಲಸಿಕೆ ಕಾರ್ಡನ್ನು ಇಡಿರಿ. ಆರು, ಹತ್ತು, ಹದಿನಾಲ್ಕು ವಾರಗಳಲ್ಲಿ ಐದು ರೋಗಗಳ ಒಂದೇ ಚುಚ್ಚುಮದ್ದಿದೆ. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಹಿಬ್ ಮತ್ತು ಕಾಮಾಲೆಯ ಒಂದು ಬಗೆ ಅದರಲ್ಲಿ ಸೇರಿವೆ. ದಡಾರ ಮತ್ತು ರುಬೆಲ್ಲಾದ ಲಸಿಕೆ ಒಂಬತ್ತರಿಂದ ಹನ್ನೆರಡನೆಯ ತಿಂಗಳೊಳಗೆ ಒಮ್ಮೆ, ಹದಿನಾರರಿಂದ ಇಪ್ಪತ್ನಾಲ್ಕನೆಯ ತಿಂಗಳೊಳಗೆ ಇನ್ನೊಮ್ಮೆ. ಹೆಚ್ಚಾಗಿ ಮರೆತುಹೋಗುವುದು ಈ ಎರಡನೆಯದೇ. ಸರಕಾರಿ ಆಸ್ಪತ್ರೆಯಲ್ಲಿ ಎಲ್ಲವೂ ಉಚಿತ, ರಾಜ್ಯ ಬದಲಾದರೂ ಕೊಡುತ್ತಾರೆ. ತಪ್ಪಿದ್ದರೆ ವೈದ್ಯರನ್ನು ಕೇಳಿ ಈಗಲಾದರೂ ಹಾಕಿಸಬಹುದು. ಅಂಗಡಿಯ ಆಳುಮಕ್ಕಳ ಕಾರ್ಡನ್ನೂ ಒಮ್ಮೆ ಕೇಳಿ ನೋಡಿರಿ, ಆ ದಿನ ಅವರಿಗೆ ಅರ್ಧ ದಿನದ ರಜೆ ಕೊಡಿರಿ. ಆ ಅರ್ಧ ದಿನದ ಸಂಬಳ ಖರ್ಚಿನ ಕಲಮಿನಲ್ಲಿ ಬರೆಯುವಂಥದ್ದಲ್ಲ.

ಮದುವೆಯ ಸೀಜನ್ನು ಹತ್ತಿರ ಬಂದಿದೆ. ನಾಲ್ಕು ರಾಜ್ಯಗಳ ಬಂಧುಗಳು ಒಂದೇ ಚಪ್ಪರದಡಿ ಕೂಡುತ್ತೇವೆ, ಕೂಸುಗಳು ಕೈಯಿಂದ ಕೈಗೆ ಹೋಗುತ್ತವೆ. ಆ ಮುಂಚೆಯೇ ಕಾರ್ಡು ತೆಗೆದು ನೋಡಿರಿ.